ಬೆನ್ನು ಮುಟ್ಟಿದ ಬೆರಳು

ಕುರಿಹಟ್ಟಿಗೆ ಯಜಮಾನ ತಮ್ಮ, ಗೆಯ್ಮೆಯೆಲ್ಲ ಅಕ್ಕನದು. ಗಂಡ ಸತ್ತು ತವರಿಗೆ ಬಂದವಳನ್ನು ಅವನು ಇಟ್ಟುಕೊಂಡದ್ದು ಕರುಣೆಯಿಂದಲ್ಲ, ಆಳಿನ ಕೂಲಿ ಉಳಿಯಿತೆಂದು. ಸಿಟ್ಟು ಬಂದರೆ ಅವನ ಕೋಲು ಕುರಿಯ ಮೇಲೆ ಬಿದ್ದೀತೋ ಅಕ್ಕನ ಮೇಲೋ, ಅವನಿಗೇ ಗೊತ್ತಿರುತ್ತಿರಲಿಲ್ಲ. ಅವಳ ಎಡಕಿವಿ ಕೆಪ್ಪಾದದ್ದು ಹಾಗೇ.

ಅವನಿಗೊಂದು ವಿದ್ಯೆ ಗೊತ್ತಿತ್ತಂತೆ. ಟಗರು ಬಿಟ್ಟ ಮೂರನೇ ತಿಂಗಳಿಗೆ ಪ್ರತಿ ಕುರಿಯ ಬೆನ್ನನ್ನೂ ಎರಡು ಬೆರಳಿನಿಂದ ಒತ್ತಿ ನೋಡುತ್ತಿದ್ದ. ಮೂಳೆ ಸಿಕ್ಕರೆ ಗಬ್ಬ, ಕೊಬ್ಬು ಸಿಕ್ಕರೆ ಗೊಡ್ಡು. ಗೊಡ್ಡಿಗೆ ಅಲ್ಲೇ ಕತ್ತಿ. ಬರೀ ಒಣಹುಲ್ಲು ತಿಂದು ಬಡಕಲಾದ ಕುರಿಗಳಲ್ಲಿ ಅರ್ಧಕ್ಕರ್ಧ ಮರಿಯನ್ನೇ ಹಾಕದಿದ್ದಾಗ ಟಗರಿನದೇ ತಪ್ಪೆಂದು ಅದನ್ನೂ ಕಡಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ಯಾರು ಹೇಳಬೇಕು?

ಅಕ್ಕ ಹೇಳಿದಳು. ಗಂಡನ ಊರಿನಿಂದ ಅವಳಿ ಹಾಕುವ ತಳಿಯದೊಂದು ಕುರಿ ತಂದು, "ತಳಿ ಒಂದಿದ್ರೆ ಸಾಲ್ದು ಕಣೋ. ಟಗರು ಬಿಡೋಕೆ ಮೂರು ವಾರ ಮುಂಚಿಂದ್ಲೇ ಕಾಳು ಹಾಕ್ಬೇಕು," ಎಂದಳು. ಅವನು ನಕ್ಕ. ಅವಳು ತನ್ನ ಪಾಲಿನ ಜೋಳವನ್ನೇ ನೆನೆಸಿ ಹಾಕಿದಳು. ಕುರಿ ದುಂಡಗಾಯಿತು, ತಮ್ಮ ತಂದ ಹೊಸ ಟಗರಿನ ಜೊತೆ ಕೂಡಿತು, ಮತ್ತೆ ಬೆದೆಗೆ ಬರಲಿಲ್ಲ. ಆ ಕುರಿ ಎರಡು ಮರಿ ಹಾಕಬೇಕು, ಜನ್ಮದಲ್ಲಿ ಒಮ್ಮೆಯಾದರೂ ತನ್ನ ಮಾತು ನಿಜವಾಗಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಮೂರನೇ ತಿಂಗಳಿಗೆ ತಮ್ಮ ಬೆನ್ನು ಒತ್ತಿದ. "ಬೆಣ್ಣೆ ಇದ್ದಂಗಿದೆ. ಗೊಡ್ಡು."

"ಆ ಕೊಬ್ಬು ನಾನು ಹಾಕಿದ್ದು. ಗಬ್ಬ ಆಗಿದೆ, ಇನ್ನೊಂದು ತಿಂಗಳು ಬಿಡು."

ಕೋಲು ಅವಳ ಬಾಯಿಗೆ ಬಿತ್ತು. ಅವಳು ಏಳುವಷ್ಟರಲ್ಲಿ ಕುರಿಯ ಕತ್ತು ಸೀಳಿಯಾಗಿತ್ತು. ಕಾಲು ಇನ್ನೂ ನೆಲ ಕೆರೆಯುತ್ತಿತ್ತು. ತಮ್ಮ ಹೊಟ್ಟೆ ಬಗೆದ. ಕರುಳಿನ ಜೊತೆ ಗರ್ಭದ ಚೀಲ ಜಾರಿ ನೆಲಕ್ಕೆ ಬಿದ್ದು ಒಡೆಯಿತು. ಒಳಗೆ ಎರಡು ಮರಿ, ಇನ್ನೂ ಕೂದಲು ಮೂಡಿರಲಿಲ್ಲ.

"ಒಂದೊಂದ್ ಸಲ ಹಿಂಗೂ ಆಗುತ್ತೆ, ಬಿಡು," ಎಂದು ತಮ್ಮ ಕತ್ತಿ ಕೆಳಗಿಟ್ಟು, ಮೇಲೇಳಲು ಮಾಂಸ ಕಡಿಯುವ ದಿಮ್ಮಿಯ ಮೇಲೆ ಬಲಗೈ ಊರಿದ.

ಅಕ್ಕ ಮುರಿದ ಹಲ್ಲು ಉಗಿದು ಕತ್ತಿ ಎತ್ತಿಕೊಂಡಳು. "ಯಾವ ಬೆರಳಲ್ಲಿ ನೋಡ್ದೆ?" ಎಂದು ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ.

ಈಗ ಕುರಿಗಳಿಗೆ ಕಾಳು ಹಾಕುವವನು ತಮ್ಮನೇ. ಮೂರು ಬೆರಳಿನ ಕೈಯಲ್ಲಿ ಸೇರು ನಿಲ್ಲುವುದಿಲ್ಲ, ಅರ್ಧ ಚೆಲ್ಲುತ್ತದೆ. ಅಕ್ಕ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಹಿಂದೆ ನಿಂತಿರುತ್ತಾಳೆ.

"ಇನ್ನೊಂದು ಸೇರು ಹಾಕಪ್ಪ," ಎನ್ನುತ್ತಾಳೆ. ಅವನು ಹಾಕುತ್ತಾನೆ.