ಬಿಳಗಿಯ ಬಸದಿಯಲ್ಲಿ ಹಾಕಿದ ಹೊಗೆ

ಮೂವತ್ತರ ದಶಕದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆಯ ಕಟ್ಟಡಗಳನ್ನು ಸುತ್ತಿ ಶಾಸನಗಳ ಪಡಿಯಚ್ಚು ತೆಗೆಯುವುದು ನನ್ನ ಕೆಲಸವಾಗಿತ್ತು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬಿರುಸು ಕುಂಚದಿಂದ ಬಡಿದರೆ ಕಾಗದ ಅಕ್ಷರಗಳ ತಗ್ಗಿಗೆ ಇಳಿಯುತ್ತದೆ. ಅದು ಒಣಗುತ್ತ ಬಂದ ಮೇಲೆ ಮಸಿ ಒತ್ತಬೇಕು. ಅಲ್ಲಿಯವರೆಗೆ ಸುಮ್ಮನೆ ಕೂರುವ ತಾಳ್ಮೆ ಮಾತ್ರ ನನ್ನ ಜಾತಕದಲ್ಲೇ ಇರಲಿಲ್ಲ.

ಶಿರಸಿಯ ಒಬ್ಬ ಮುಸ್ಲಿಂ ಗಾಡಿಯವರನ್ನು ಗೊತ್ತುಮಾಡಿಕೊಂಡಿದ್ದೆ. ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು. ಅವರ ಮನೆ ನಡೆಯುತ್ತಿದ್ದುದೇ ಗಾಡಿಯ ಎರಡು ಎತ್ತುಗಳಿಂದ. ಏರು ಬಂದರೆ ತಾವೂ ಇಳಿದು ನಡೆಯುವರು, ನನ್ನನ್ನೂ ಇಳಿಸುವರು. ಬಾಡಿಗೆ ಕೊಟ್ಟು ನಡೆಯುವ ಕರ್ಮ ಯಾರಿಗೆ ಬೇಕೆಂದು ನಾನು ಗೊಣಗುತ್ತಿದ್ದೆ.

ಕಾರ್ತಿಕದ ಒಂದು ಬೆಳಿಗ್ಗೆ ಬಿಳಗಿಯ ಬಸದಿಗೆ ಬಂದೆವು. ಸೂರಿನ ಕಲ್ಲಿಗೆ ಮೊರದಗಲದ ಹೆಜ್ಜೇನು ತೂಗುತ್ತಿತ್ತು. ಗಾಡಿಯವರು ಅದನ್ನು ಕಂಡು ಎತ್ತುಗಳ ಹಗ್ಗ ಬಿಗಿಹಿಡಿದರು.

"ರಾಯರೇ, ಇವನ್ನ ಗದ್ದೆ ಕಡೆ ಹೊಡ್ಕೊಂಡು ಹೋಗ್ತೇನೆ. ಇಲ್ಲಿ ಬ್ಯಾಡ."

"ಮಧ್ಯಾಹ್ನಕ್ಕೆ ಹೊರಡ್ಬೇಕು ಸಾಬ್ರೇ. ಮೇಯ್ತಾ ದೂರ ಹೋದ್ರೆ ಹುಡುಕೋರು ಯಾರು? ಇಲ್ಲೇ ಕಟ್ಟಿ."

ಅವರು ಎತ್ತುಗಳನ್ನು ಅಂಗಳದ ಕಲ್ಲುಕಂಬಕ್ಕೆ ಕಟ್ಟಿದರು.

ಮಂಜಿನ ತಂಡಿಗೆ, ಶಾಸನದ ಮೇಲೆ ಹಾಸಿದ ಕಾಗದ ಎಷ್ಟು ಹೊತ್ತಾದರೂ ಒಣಗಲಿಲ್ಲ. ಮುಟ್ಟಿ ಮುಟ್ಟಿ ನೋಡಿ ಸಾಕಾಯಿತು. ಕೊನೆಗೆ ಶಾಸನದ ಬುಡದಲ್ಲಿ ತರಗೆಲೆ ಗುಡ್ಡೆ ಹಾಕಿ ಕಡ್ಡಿ ಗೀರಿದೆ.

"ಹೊಗೆ ಬ್ಯಾಡ ರಾಯರೇ! ಮೇಲೆ ನೋಡಿ!"

"ಒಂದು ಹಿಡಿ ಎಲೆಗೆ ಎಂತ ಆಗ್ತದೆ?"

ಹೊಗೆ ಸೂರಿಗೆ ತಾಗಿತು. ಏನೂ ಆಗಲಿಲ್ಲ. ನಾನು ಗೆದ್ದವನ ಹಾಗೆ ಅವರತ್ತ ನೋಡಿದೆ. ಅಷ್ಟರಲ್ಲಿ ಜೇನಿನ ಮೈ ಒಮ್ಮೆ ಅಲುಗಿತು. ಗುಂಯ್ಗುಡುವ ಸದ್ದು ಅಂಗಳದ ತುಂಬ ಇಳಿದು ಬಂತು.

"ಮುಖ ಮುಚ್ಕೊಳ್ಳಿ!" ಎಂದು ಅವರು ತಮ್ಮ ಹೆಗಲ ಕಂಬಳಿಯನ್ನು ನನ್ನ ಮೇಲೆ ಎಸೆದು, ಬರಿಮೈಯಲ್ಲಿ ಎತ್ತುಗಳತ್ತ ಓಡಿದರು.

ಕಂಬಳಿಯೊಳಗೆ ಮುದುಡಿ ಕುಳಿತೆ. ಹೋಗಿ ಅವರಿಗೆ ಕೈಕೊಡಬೇಕಿತ್ತು. ಹೋಗಲಿಲ್ಲ, ಪ್ರಾಣಭಯ. ಸಂದಿಯಲ್ಲಿ ಎಲ್ಲ ಕಾಣುತ್ತಿತ್ತು. ಎತ್ತುಗಳು ಜಗ್ಗಿ ಜಗ್ಗಿ ಹಗ್ಗದ ಗಂಟು ಕಲ್ಲಾಗಿತ್ತು. ಅವರು ಸೊಂಟದ ಕತ್ತಿಯಿಂದ ಒಂದರ ಹಗ್ಗ ಕೊಯ್ದರು. ಆ ಎತ್ತು ಗದ್ದೆಗೆ ಬಿದ್ದು ಓಡಿತು. ಇನ್ನೊಂದು ಕಾಲಿಗೆ ಹಗ್ಗ ಸುತ್ತಿಕೊಂಡು ಕೆಡೆದಿತ್ತು. ಅವರ ತಲೆ, ಕತ್ತು, ಬೆನ್ನು ಹುಳುಗಳಿಂದ ಕಪ್ಪಾಗಿತ್ತು. ಆದರೂ ಹಗ್ಗ ಕೊಯ್ಯುವುದನ್ನು ಬಿಡಲಿಲ್ಲ. ಹಗ್ಗ ತುಂಡಾದರೂ ಎತ್ತು ಏಳಲಿಲ್ಲ.

ಊರವರು ಕಂಬಳಿ ಹೊದ್ದು ಬಂದು ಅವರನ್ನು ಎಳೆದೊಯ್ದರು. ಯಾರದೋ ಜಗಲಿಯಲ್ಲಿ ಮಲಗಿಸಿ, ಮುಳ್ಳು ಕಿತ್ತು, ಸುಣ್ಣ ಹಚ್ಚಿದರು. ಜ್ವರದಲ್ಲಿ ಅವರು ಎತ್ತನ್ನೇ ಕೇಳುತ್ತಿದ್ದರು. ಬದುಕಿದೆ ಎಂದು ನಾನು ಸುಳ್ಳು ಹೇಳಿದೆ.

ಇಳಿಹೊತ್ತಿಗೆ ಸಾಮಾನು ತರಲು ಬಸದಿಗೆ ಹೋದೆ. ಬೆಂಕಿ ಆಗಲೇ ಆರಿಹೋಗಿತ್ತು. ಕಾಗದ ಬಿಸಿಲಿಗೆ ತಾನೇ ಹದವಾಗಿ ಒಣಗಿ ಕಲ್ಲಿಗೆ ಅಂಟಿಕೊಂಡಿತ್ತು. ನಾಚಿಕೆಗೆಟ್ಟವನು, ಕೂತು ಮಸಿ ಒತ್ತಿದೆ.

ಮರುದಿನ ಅವರಿಗೆ ಸತ್ಯ ತಿಳಿಯಿತು. ಗೋಡೆಯತ್ತ ತಿರುಗಿ ಮಲಗಿದರು. ಬೈಯಲಿ ಎಂದು ಕಾದೆ. ಆಮೇಲೆ ಬಾತುಹೋದ ಮುಖ ನನ್ನತ್ತ ತಿರುಗಿಸಿ ಕೇಳಿದರು:

"ನಿಮ್ಮ ಅಚ್ಚು ಸರಿ ಬಂತಾ ರಾಯರೇ?"

ಬಂತು ಎಂದೆ. ಒಂದಕ್ಷರವೂ ಮಸುಕಾಗಿರಲಿಲ್ಲ.