ಲಿಂಗಸುಗೂರಿಗೆ ಹೊರಟ ಇಂಜಿನ್

ನಮ್ಮಪ್ಪನ ಹಟಕ್ಕೆ ನಾಲ್ಕು ಚಕ್ರಗಳಿದ್ದವು. ಸಿಂಧನೂರಿನ ನಮ್ಮ ಮನೆಯಂಗಳದ ಬೇವಿನ ಮರದ ಕೆಳಗೆ ಅದು ವರ್ಷಗಟ್ಟಲೆ ನಿಂತಿತ್ತು. ಹಳೆಯ ಅಂಬಾಸಿಡರ್ ಕಾರು. ಅವ್ವ ಅದರ ನೆತ್ತಿಯ ಮೇಲೆ ಹಪ್ಪಳ ಒಣಗಿಸುತ್ತಿದ್ದಳು.

ಅಪ್ಪನ ತಂಗಿಯ ಮನೆ ಲಿಂಗಸುಗೂರಿನಲ್ಲಿ. ಅವರ ಗೃಹಪ್ರವೇಶಕ್ಕೆ ಹೋದಾಗ ಕಾರು ಓಣಿಯ ಬಾಯಲ್ಲೇ ಕೆಟ್ಟು ನಿಂತಿತು. ಹೊಸ ಬಟ್ಟೆಯಲ್ಲೇ ನಾವೆಲ್ಲ ಇಳಿದು ಬಾಗಿಲ ತನಕ ದೂಡಿದೆವು. ಅತ್ತೆಯ ಗಂಡ, ಅಂದರೆ ಮಾವ, ಮಂದಿಯೆದುರು ನಕ್ಕುಬಿಟ್ಟ.

"ಮುಂದಿನ ಸಲ ಬಸ್ಸಿಗೆ ಬರ್ರಿ ಭಾವಾರ. ದೂಡೋ ತ್ರಾಸ ಇರಂಗಿಲ್ಲ."

"ಬಂದ್ರ ಇದೇ ಗಾಡಿ ತಗೊಂಡು ಬರ್ತೀನಿ. ಇಲ್ಲಾಂದ್ರ ನಿಮ್ಮ ಹೊಸ್ತಿಲಾ ತುಳಿಯಂಗಿಲ್ಲ" ಎಂದ ಅಪ್ಪ, ಊಟಕ್ಕೂ ಕೂಡದೆ, ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದ. ಆಮೇಲೆ ಕಾರು ಹೊರಡಲಿಲ್ಲ, ಅಪ್ಪನೂ ಹೊರಡಲಿಲ್ಲ. ಬಸ್ಸುಗಳು ಮಾತ್ರ ದಿನಾ ಹೋಗುತ್ತಲೇ ಇದ್ದವು.

ಕಳೆದ ಬೇಸಿಗೆಯಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಹಾಸಿಗೆಯಿಂದಲೇ ಫೋನು ಮಾಡಿದಳು.

"ಅಣ್ಣಾ, ಒಂದ್ಸಲ ಬಂದು ಮುಖ ತೋರ್ಸಿ ಹೋಗೋ."

ಅಪ್ಪ ಕಣ್ಣೊರೆಸಿಕೊಂಡ. ಒರೆಸಿಕೊಂಡವನು ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ, ಗ್ಯಾರೇಜಿಗೆ ಹೋದ.

"ಮುರದದ್ದು ಅಕಿ ಸೊಂಟ, ರಿಪೇರಿ ಇದಕ್ಕ" ಎಂದಳು ಅವ್ವ, ಹಪ್ಪಳ ಎತ್ತಿಕೊಳ್ಳುತ್ತ.

ಮೆಕ್ಯಾನಿಕ್ ಉಸ್ತಾದ್ ಬಾನೆಟ್ ಎತ್ತಿ ನೋಡಿದ. "ಇಂಜಿನ್, ಗೇರ್‌ಬಾಕ್ಸ್ ಎರಡೂ ಇಳಿಸ್ಬೇಕ್ರೀ ಸಾವ್ಕಾರ್ರ. ಹಳೇ ಇಂಜಿನ್ ಕೆಲಸ ಮಾಡೋರು ಲಿಂಗಸುಗೂರಿನ್ಯಾಗ ಅದಾರ, ಅಲ್ಲಿಗೆ ಒಯ್ಯಬೇಕು."

ಇಳಿಸುವ ದಿನ ಓಣಿಗೆ ಓಣಿಯೇ ನೆರೆಯಿತು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಧೋತರ ಉಟ್ಟು ಕುರ್ಚಿ ಹಾಕಿಸಿಕೊಂಡ. ಕಾಲುವೆ ನೀರು ಬಂದಾಗಿನಿಂದ ನಮ್ಮ ಕಡೆ ಪ್ರತಿ ಗಂಡಸೂ ಟ್ರ್ಯಾಕ್ಟರ್ ಪಂಡಿತ. ಉಸ್ತಾದನ ಹೊಟ್ಟೆ ತುಂಬಿಸುವುದೂ ಟ್ರ್ಯಾಕ್ಟರೇ. ಟ್ರ್ಯಾಕ್ಟರಿನಲ್ಲಿ ಇಂಜಿನ್ನೇ ಬೆನ್ನೆಲುಬು, ಅದನ್ನು ಹೊರಲು ಕೆಳಗೆ ಬೇರೆ ಆಸರೆ ಬೇಕಿಲ್ಲ. ಕಾರಿನಲ್ಲಿ ಗೇರ್‌ಬಾಕ್ಸನ್ನು ಹೊತ್ತ ಅಡ್ಡಪಟ್ಟಿಯೊಂದು ಇರುತ್ತದೆಂದು ಅಷ್ಟು ಪಂಡಿತರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ರೇಡಿಯೇಟರ್ ತೆಗೆದರು, ಇಂಜಿನ್ನಿನ ಬೋಲ್ಟು ಬಿಚ್ಚಿದರು, ಬೇವಿನ ಕೊಂಬೆಗೆ ಚೈನ್ ಪುಲ್ಲಿ ಕಟ್ಟಿ ಜಗ್ಗಿದರು. ಇಂಜಿನ್ ಜೊತೆಗೆ ಇಡೀ ಕಾರೇ ಮುಂಗಾಲೆತ್ತಿ ನಿಂತಿತು.

"ಎದ್ದಿತು! ಎದ್ದಿತು!" ಎಂದು ದಢೇಸುಗೂರಿನ ನೆಂಟನೊಬ್ಬ ಚಪ್ಪಾಳೆ ತಟ್ಟಿದ.

ಕಾರನ್ನು ಮೆಲ್ಲಗೆ ಇಳಿಸಿ, ಉಸ್ತಾದ್ ಗೊಣಗುತ್ತ ಅದರಡಿ ತೂರಿ, ಪಟ್ಟಿ ಬಿಚ್ಚಿ ಬಂದ. ಮತ್ತೆ ಜಗ್ಗಿದಾಗ ಇಂಜಿನ್ ಬಾಲದಲ್ಲಿ ಗೇರ್‌ಬಾಕ್ಸ್ ಕಟ್ಟಿಕೊಂಡು ವಾಲುತ್ತ ಮೇಲೆ ಬಂತು. ಗೇರ್‌ಬಾಕ್ಸಿನ ಆಯಿಲ್ ಇಳಿಸುವುದನ್ನು ಎಲ್ಲರೂ ಮರೆತಿದ್ದರು. ಹುಕುಂ ಕೊಡಲು ಎದ್ದು ಹತ್ತಿರ ಬಂದಿದ್ದ ಅಪ್ಪನ ಧೋತರ ಮಾತ್ರ ಮರೆಯದೆ, ಸುರಿದ ಅಷ್ಟನ್ನೂ ಹೀರಿತು.

ಎರಡನ್ನೂ ಗೂಡ್ಸ್ ಆಟೋಕ್ಕೆ ಏರಿಸಿದ್ದೇ ತಡ, ಅಪ್ಪ ಅದೇ ಧೋತರದಲ್ಲಿ ಹಿಂದೆ ಹತ್ತಿ ಕೂತ.

"ಧೋತರನಾರ ಬದಲಿಸ್ರೀ. ನೀವ್ಯಾಕ ಹೊಂಟ್ರಿ?" ಅವ್ವ ಕೇಳಿದಳು.

"ಗಾಡಿ ಅಂದ್ರ ಇದ. ಉಳದದ್ದು ಬರೇ ತಗಡು. ಗಾಡಿ ಲಿಂಗಸುಗೂರಿಗೆ ಹೊಂಟೈತಿ, ಅದಕ್ಕ ನಾನೂ ಹೊಂಟೀನಿ."

ಇಂಥ ವಕಾಲತ್ತು ಹೈಕೋರ್ಟಿನಲ್ಲೂ ಸಿಗದು. ನಾನೂ ಪಕ್ಕಕ್ಕೆ ಹತ್ತಿದೆ. ಮಸ್ಕಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗಲೂ ಅಪ್ಪ ಇಳಿಯಲಿಲ್ಲ. ಇಂಜಿನ್ ಮೇಲೆ ಕೈಯಿಟ್ಟುಕೊಂಡೇ ಕುಡಿದ.

ಆಟೋ ನೇರವಾಗಿ ಅತ್ತೆಯ ಬಾಗಿಲಿಗೇ ಹೋಯಿತು. ಅಪ್ಪ ಹೊಸ್ತಿಲು ದಾಟಿ, ಅವಳ ಹಾಸಿಗೆಯ ಅಂಚಿನಲ್ಲಿ ಕೂತು ಕೈ ಹಿಡಿದುಕೊಂಡ. ಅವಳು ಅಷ್ಟು ಸಣ್ಣಗಾಗಿದ್ದಳೆಂದು ನನಗೆ ಗೊತ್ತಿರಲಿಲ್ಲ. ನನಗೆ ಅಳು ಬಂತು.

"ಗಾಡಿ ತಂದಿ ಏನೋ ಅಣ್ಣಾ?"

"ತಂದೀನವ್ವಾ. ಹೊರಗ ನಿಂತೈತಿ."

ಮಾವ ಎದ್ದು ಹೊರಗೆ ಹೋದ. ಆಟೋದಲ್ಲಿದ್ದುದನ್ನು ನೋಡಿದ, ಒಳಗೆ ಬಂದು ಅಪ್ಪನ ಧೋತರ ನೋಡಿದ. ನಗಲಿಲ್ಲ.

"ಹೌದು, ಭಾವಾರ ಗಾಡಿ ಬಂದೈತಿ" ಎಂದ ಹೆಂಡತಿಗೆ. "ಈ ಸಲ ದೂಡಿಲ್ಲ."