ಪಬ್ಬಿನ ಪಂಕ್ತಿಯಲ್ಲಿ ಕೋಪಿ

ನನ್ನ ಜೀವಮಾನದಲ್ಲಿ ಮೊದಲ ಸಲ ಒಂದು ಪಬ್ಬಿನ ಮೆಟ್ಟಿಲು ಹತ್ತಿದಾಗ ಅಲ್ಲಿಯವರು ಓಡಿಬಂದು ನೀರು ಇಟ್ಟದ್ದು ನನಗಲ್ಲ, ನನ್ನ ನಾಯಿಗೆ. ಸ್ಟೀಲಿನ ಬಟ್ಟಲು, ತಣ್ಣೀರು, ಮೇಲೆ ಎರಡು ಐಸ್ ತುಂಡು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ನಾಯಿಯ ಹಗ್ಗ ಹಿಡಿದುಕೊಂಡು ನಾನು ಮೆಟ್ಟಿಲಲ್ಲೇ ನಿಂತಿದ್ದೆ. ಒಳಗೆ ಹೋಗಲು ಕಾಲು ಬರಲಿಲ್ಲ. ನಾಯಿ ಮಾತ್ರ ತವರುಮನೆಗೆ ಬಂದಂತೆ ಒಳನುಗ್ಗಿ ನೀರು ಕುಡಿಯತೊಡಗಿತು.

ಗದಗಿನಲ್ಲಿ ನಮ್ಮ ಓಣಿಯ ತುದಿಗೊಂದು ಬಾರ್ ಇತ್ತು. ಬಾಗಿಲಿಗೆ ಹಸಿರು ಪರದೆ. ಶಾಲೆಗೆ ಹೋಗುವಾಗ ಅದು ಬರುವ ಮೊದಲೇ ನಾವು ಹುಡುಗಿಯರು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದೆವು. ಆ ಪರದೆಯ ಹಿಂದೆ ಏನಿದೆ ಎಂದು ನೋಡಿದ ಹೆಣ್ಣುಮಗಳು ನಮ್ಮ ಓಣಿಯಲ್ಲಿ ಒಬ್ಬಳೂ ಇರಲಿಲ್ಲ. ಇಲ್ಲಿ, ಸಿಂಗಾಪುರದ ಕ್ರಾಂಜಿ ಕಡೆ, ತರಕಾರಿ ತೋಟಗಳ ನಡುವೆ ಇರುವ ಈ ಪಬ್ಬಿಗೆ ಪರದೆಯಿರಲಿ, ಗೋಡೆಯೇ ಇಲ್ಲ. ಮೇಲೆ ತಗಡಿನ ಮಾಡು, ಸುತ್ತ ಗಾಳಿ. ಒಬ್ಬ ಅಜ್ಜಿ ನೂಡಲ್ಸ್ ತಿನ್ನುತ್ತಿದ್ದರು, ಎರಡು ಮಕ್ಕಳು ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದರು, ಮೇಜುಗಳ ಕೆಳಗೆ ಅಲ್ಲೊಂದು ಇಲ್ಲೊಂದು ನಾಯಿ ಮಲಗಿತ್ತು. ನಾನು ನಿಂಬೆ ಪಾನಕ ಕುಡಿದು ಕರಿದ ಆಲೂಗಡ್ಡೆ ತಿಂದೆ. ಇಷ್ಟಕ್ಕೇ ಅಷ್ಟೊಂದು ಹೆದರಿದ್ದೆವೇ ಎಂದು ತುಸು ನಿರಾಸೆಯೂ ಆಯಿತು.

ಪಬ್ಬಿಗೆ ಹೋಗುವ ಪ್ರಸಂಗ ಯಾಕೆ ಬಂತು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯವರು ಜುರಾಂಗ್ ಐಲ್ಯಾಂಡಿನ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಬೆಳಕು ಹರಿಯುವ ಮೊದಲೇ ಕಂಪನಿಯ ಬಸ್ಸು ಅವರನ್ನು ಒಯ್ಯುತ್ತದೆ. ಮಗಳು ಶ್ರೇಯಾ ಶಾಲೆಗೆ ಹೋದಳೆಂದರೆ ಟ್ಯಾಂಪಿನೀಸಿನ ನಮ್ಮ ಫ್ಲ್ಯಾಟಿನಲ್ಲಿ ನಾನೊಬ್ಬಳೇ. ಮೊದಲ ಎರಡು ವರ್ಷ ನಾನು ದಿನವಿಡೀ ಬಾಯಿ ಬಿಡುತ್ತಿದ್ದುದು ಫೋನಿನಲ್ಲಿ ಮಾತ್ರ. ಲಿಫ್ಟಿನಲ್ಲಿ ಎಲ್ಲರೂ ಮುಗುಳ್ನಗುತ್ತಾರೆ, ಮಾತಿಲ್ಲ. ಕಟ್ಟಡದ ಕೆಳಗೆ ವಾಯ್ಡ್ ಡೆಕ್ ಎಂಬ ತೆರೆದ ಪಡಸಾಲೆ ಇದೆ; ನಮ್ಮೂರ ಕಟ್ಟೆಯ ಹಾಗೆ ಹಿರಿಯರು ಅಲ್ಲಿ ಹರಟುತ್ತಾರೆ. ಅವರ ಪಕ್ಕ ಹೋಗಿ ಕೂರಲು ನನಗೊಂದು ನೆಪ ಬೇಕಿತ್ತು.

ಆ ನೆಪ ನಾಯಿಯ ರೂಪದಲ್ಲಿ ಬಂತು. ಶ್ರೇಯಾ ಹಟ ಹಿಡಿದು ಅನಾಥ ನಾಯಿಗಳ ಆಶ್ರಯದಿಂದ ಕೋಪಿಯನ್ನು ತಂದಳು. ಕೋಪಿ ಎಂದರೆ ಇಲ್ಲಿಯ ಕಾಫಿ, ಗಾಢ ಕಂದು. ನಾಯಿಯ ಬಣ್ಣವೂ ಅದೇ. ಬೀದಿಯಲ್ಲಿ ಹುಟ್ಟಿದ್ದು, ಎರಡು ಮನೆಗಳಿಂದ ವಾಪಸ್ ಬಂದದ್ದು. ಅದನ್ನು ಹಗ್ಗ ಹಿಡಿದು ಕೆಳಗಿಳಿಸಿದ ದಿನವೇ ಪಡಸಾಲೆಯ ಅಂಕಲ್‌ಗಳು ಹೆಸರು ಕೇಳಿದರು. ನನ್ನದಲ್ಲ, ನಾಯಿಯದು, ಆದರೂ ಮಾತು ಶುರುವಾಯಿತಲ್ಲ! ಪಕ್ಕದ ಮನೆಯ ಮಲಾಯ್ ಆಂಟಿ ಮುಸ್ಲಿಮರು, ನಾಯಿಯನ್ನು ಮುಟ್ಟುವವರಲ್ಲ. ಲಿಫ್ಟ್ ಬಂದಾಗ ಕೋಪಿಯನ್ನು ಬದಿಗೆ ಕೂರಿಸಿ "ನೀವು ಹೋಗಿ ಆಂಟಿ" ಎನ್ನುವುದನ್ನು ನಾನು ಬೇಗ ಕಲಿತೆ. ಅದಾದ ಮೇಲೆ ಅವರು ತಮ್ಮ ಹಬ್ಬಕ್ಕೆ ನಮಗೆಂದೇ ಮೊಟ್ಟೆಯಿಲ್ಲದ ಬಿಸ್ಕತ್ತು ಮಾಡಿ ಕಳಿಸಿದರು. ನೆರೆಹೊರೆ ಎಂದರೆ ಎಲ್ಲಿಯೂ ಒಂದೇ, ಮೊದಲು ದಾರಿ ಬಿಡಬೇಕು.

ಇಲ್ಲಿಯ ಸರಕಾರಿ ಫ್ಲ್ಯಾಟುಗಳಲ್ಲಿ ಕೋಪಿಯಂಥ ನಾಯಿಯನ್ನು ಸುಮ್ಮನೆ ಸಾಕುವಂತಿಲ್ಲ. ತರಬೇತಿ ಕೊಡಿಸಬೇಕು, ಪರೀಕ್ಷೆ ಪಾಸಾಗಬೇಕು. ಪಾಸಾಗದಿದ್ದರೆ ಮತ್ತೆ ಆಶ್ರಯಕ್ಕೆ. ಊರಲ್ಲಿ ನಾಯಿಗೆ ಪರೀಕ್ಷೆ ಎಂದರೆ ಜನ ಬಿದ್ದು ಬಿದ್ದು ನಗುತ್ತಾರೆ. ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ. ಮೂರನೆಯ ಮನೆಯಿಂದಲೂ ವಾಪಸ್ ಹೋದ ನಾಯಿಯನ್ನು ನಾಲ್ಕನೆಯವರು ಕೇಳುವುದು ಕಷ್ಟ ಎಂದು ತರಬೇತಿ ಕೊಡುವ ಜೆನ್ನಿ ಮೊದಲೇ ಹೇಳಿದ್ದಳು. ಶ್ರೇಯಾ ಆ ರಾತ್ರಿ ನಾಯಿಯ ಪಕ್ಕದಲ್ಲೇ ನೆಲದ ಮೇಲೆ ಮಲಗಿದಳು.

ಕೂರುವುದು, ನಿಲ್ಲುವುದು, ಬಾಗಿಲಲ್ಲಿ ಕಾಯುವುದು ಎಲ್ಲವನ್ನೂ ಕೋಪಿ ಚಕಚಕನೆ ಕಲಿತ. ಉಳಿದದ್ದು ಒಂದೇ: ಹೊರಗೆ, ಜನ ಕೂತು ತಿನ್ನುವ ಜಾಗದಲ್ಲಿ, ಮೇಜಿನ ಕೆಳಗೆ ಶಾಂತವಾಗಿ ಮಲಗಿರಬೇಕು. ಅದಕ್ಕೆ ನಾಯಿಯನ್ನು ಬಿಟ್ಟುಕೊಳ್ಳುವ ಜಾಗ ಬೇಕು. ಹಾಕರ್ ಸೆಂಟರಿಗೆ, ಅಂದರೆ ಸಾಲು ಸಾಲು ಊಟದಂಗಡಿಗಳ ಚಪ್ಪರಕ್ಕೆ, ನಾಯಿಗೆ ಪ್ರವೇಶವಿಲ್ಲ. ರೈಲು, ಬಸ್ಸಿಗೂ ಇಲ್ಲ. ಹಾಗಾಗಿ ಭಾನುವಾರ ಬಾಡಿಗೆ ಕಾರು, ಹಿಂದಿನ ಸೀಟಿನಲ್ಲಿ ಶ್ರೇಯಾ ಮತ್ತು ಕೋಪಿ, ಡಬ್ಬಿಯಲ್ಲಿ ರೊಟ್ಟಿ ಮತ್ತು ಶೇಂಗಾ ಚಟ್ನಿ. ನಾವು ಇದನ್ನು ಗತ್ತಿನಿಂದ ರೋಡ್ ಟ್ರಿಪ್ ಎನ್ನುತ್ತೇವೆ. ಗದಗಿನಿಂದ ಹುಬ್ಬಳ್ಳಿಗೆ ಹೋದಷ್ಟು ದೂರ ಹೋದರೆ ಇಲ್ಲಿ ದೇಶವೇ ಮುಗಿದು ಸಮುದ್ರ ಬರುತ್ತದೆ. ಆದರೂ ನಡುವೆ ಎರಡು ಕಡೆ ನಿಲ್ಲಿಸುತ್ತೇವೆ. ಪ್ರಯಾಣವೆಂದ ಮೇಲೆ ಚಹಾಕ್ಕೆ ಇಳಿಯದಿದ್ದರೆ ಹೇಗೆ?

ಹಾಗೆ ಮುಟ್ಟಿದ್ದು ಆ ಕ್ರಾಂಜಿಯ ಪಬ್. ಪಾನಕ ಅರ್ಧ ಮುಗಿದಿತ್ತು. ಪಕ್ಕದ ಮೇಜಿನ ಇಬ್ಬರು ಹಿರಿಯರಿಗೆ ಮೀನಿನ ತಟ್ಟೆ ಬಂತು. ಅವರು ಫೋರ್ಕ್ ಎತ್ತಿದ್ದೇ ತಡ, ಕೋಪಿ ಎದ್ದು ನಿಂತು ಬೊಗಳತೊಡಗಿದ. ಕಚ್ಚುವ ಬೊಗಳಲ್ಲ; ಬರಬೇಕಾದದ್ದನ್ನು ಕೇಳುವ ಬೊಗಳು. ಆಮೇಲೆ ನೂಡಲ್ಸ್ ಅಜ್ಜಿಗೆ, ಆಮೇಲೆ ಬಣ್ಣ ಹಚ್ಚುವ ಮಕ್ಕಳಿಗೆ. ಚಿಕ್ಕದು ಹೆದರಿ ಅಳತೊಡಗಿತು. ನಾನು ಕೈಮುಗಿದು ಸಾರಿ ಸಾರಿ ಎನ್ನುತ್ತಲೇ ಹಗ್ಗ ಎಳೆದೆ. ಪಬ್ಬಿನ ಯಜಮಾನ, ಅರವತ್ತು ದಾಟಿದ ಚೀನೀ ಮನುಷ್ಯ, ಎಲ್ಲರಿಗೂ ಅಂಕಲ್ ಹೋ, "ನೆವರ್ ಮೈಂಡ್ ಲಾ, ನೆಕ್ಸ್ಟ್ ಟೈಮ್ ಕಮ್ ಅಗೇನ್" ಎಂದರು. ಇಲ್ಲಿಯವರ ಮಾತಿನ ಬಾಲಕ್ಕೆ ಈ 'ಲಾ' ಅಂಟಿಕೊಂಡೇ ಇರುತ್ತದೆ.

ಮರುವಾರ ಜೆನ್ನಿ ಮನೆಗೆ ಬಂದು ವಿಚಿತ್ರವಾದದ್ದೊಂದನ್ನು ಕೇಳಿದಳು. "ನೀವು ದಿನಾ ಹೇಗೆ ಊಟ ಮಾಡುತ್ತೀರೋ ಹಾಗೇ ಮಾಡಿ. ನಾನು ನೋಡುತ್ತೇನೆ." ನಾವು ಕೂತೆವು. ನಾನು ರೊಟ್ಟಿ ಮುರಿದು ಮೊದಲ ತುಂಡು ಕೋಪಿಗೆ ಕೊಟ್ಟೆ. ನಮ್ಮ ಮನೆಯವರೂ ಕೊಟ್ಟರು. ಶ್ರೇಯಾಳೂ ಕೊಟ್ಟಳು. ಕೊಟ್ಟೆವೆಂಬ ಅರಿವೇ ನಮಗಿರಲಿಲ್ಲ. ಜೆನ್ನಿ ಹಣೆ ಹಣೆ ಬಡಿದುಕೊಂಡು ನಕ್ಕಳು.

"ಇವನು ಕೆಟ್ಟ ನಾಯಿಯಲ್ಲ. ನೀವೇ ಇವನಿಗೆ ಒಂದು ಕಾನೂನು ಕಲಿಸಿದ್ದೀರಿ. ಯಾರೇ ತಿಂದರೂ ಮೊದಲ ತುತ್ತು ಇವನದು. ಪಬ್ಬಿನಲ್ಲಿ ಎಲ್ಲರೂ ಕಾನೂನು ಮುರಿದರು, ಇವನು ಜೋರು ಮಾಡಿದ."

ಹಸಿದ ಬಾಯಿ ಎದುರಿಗಿದ್ದಾಗ ಒಬ್ಬರೇ ಉಣ್ಣಬಾರದು ಎಂಬುದು ನಮ್ಮಲ್ಲಿ ಯಾರೂ ಹೇಳಿಕೊಟ್ಟು ಬಂದದ್ದಲ್ಲ. ಊರಲ್ಲಿ ಮೊದಲ ರೊಟ್ಟಿ ಆಕಳಿಗೆ, ಕಡೆಯ ರೊಟ್ಟಿ ನಾಯಿಗೆ ಎಂದೇ ಹಿಟ್ಟು ನಾದುತ್ತಿದ್ದರು. ಅದನ್ನು ಜೆನ್ನಿಗೆ ವಿವರಿಸಿದೆ. ಅವಳು ಗೌರವದಿಂದಲೇ ಕೇಳಿದಳು. ಆದರೆ ಪರಿಹಾರ ಬದಲಾಗಲಿಲ್ಲ: ಅವನೆದುರು ತಿನ್ನಿ, ಕೊಡಬೇಡಿ, ನೋಡಲೂ ಬೇಡಿ.

ಆ ವಾರ ನಮ್ಮ ಮನೆಯ ಊಟ ಸೂತಕದ ಊಟದಂತಿತ್ತು. ಕೋಪಿ ಎದುರಿಗೆ ಕೂತು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ. ನಾನು ಮುರಿದ ರೊಟ್ಟಿಯನ್ನು ತಾಟಿನಲ್ಲೇ ಇಟ್ಟೆ.

"ಹೆಂಗ ಉಣ್ಣೂದ್ರಿ? ಅದರ ಮಾರಿ ನೋಡ್ರಿ ಒಮ್ಮೆ" ಎಂದೆ.

"ನೋಡಬ್ಯಾಡ ಅಂದಾಳಲ್ಲ ಆಕಿ" ಎಂದರು ನಮ್ಮ ಮನೆಯವರು. ಅಷ್ಟರಲ್ಲಿ ಮೇಜಿನ ಕೆಳಗಿಂದ ಅಗಿಯುವ ಸದ್ದು.

"ಪಪ್ಪಾ! ಚೀಟಿಂಗ್ ಮಾಡ್ತಿದೀರಾ ಲಾ!" ಎಂದು ಶ್ರೇಯಾ ಕಿರುಚಿದಳು.

"ಏ, ನಾ ಕೊಟ್ಟಿಲ್ಲವಾ, ಕೈ ಜಾರಿ ಬಿತ್ತು."

"ಡೈಲಿ ಜಾರುತ್ತಾ? ಎಕ್ಸಾಮ್ ಫೇಲ್ ಆದ್ರೆ ಅವನನ್ನ ಕರ್ಕೊಂಡು ಹೋಗ್ತಾರೆ, ಗೊತ್ತಲ್ವಾ?" ಅವಳ ಕಣ್ಣು ತುಂಬಿತು. ಆಮೇಲೆ ನಮ್ಮ ಮನೆಯವರ ಕೈ ಜಾರಲಿಲ್ಲ.

ನನಗೆ ಸಿಟ್ಟು ಬಂತು. ಜೆನ್ನಿಯ ಮೇಲಲ್ಲ. ನಾಯಿ ಉಳಿಯಬೇಕಾದರೆ ನಮ್ಮ ರೀತಿ ಹೋಗಬೇಕು, ರೀತಿ ಉಳಿಯಬೇಕಾದರೆ ನಾಯಿ ಹೋಗಬೇಕು ಎಂಬ ಆ ಲೆಕ್ಕದ ಮೇಲೆ. ಈ ದೇಶಕ್ಕೆ ಬಂದಾಗಿನಿಂದ ಎಷ್ಟೋ ಬಿಟ್ಟಿದ್ದೇನೆ, ಬೇಸರವಿಲ್ಲ. ಆದರೆ ಹಸಿದವನೆದುರು ಮುಖ ತಿರುಗಿಸಿ ತಿನ್ನುವುದನ್ನು ಕಲಿಯಲು ಇಷ್ಟು ದೂರ ಬರಬೇಕಿತ್ತೇ?

ಹಿಟ್ಟು ನಾದುತ್ತಿದ್ದಾಗ ಮಠದ ದಾಸೋಹ ಕಣ್ಣೆದುರು ಬಂತು. ಎಷ್ಟು ಹಸಿದವರು ಬರುತ್ತಾರೆ ಅಲ್ಲಿಗೆ! ಆದರೂ ಯಾರೂ ಪಕ್ಕದವರ ತಾಟಿಗೆ ಕೈಹಾಕುವುದಿಲ್ಲ. ಯಾಕೆ? ಪಂಕ್ತಿಯಲ್ಲಿ ತನಗೊಂದು ಜಾಗವಿದೆ, ತನಗೂ ಬಡಿಸುತ್ತಾರೆ ಎಂದು ಗೊತ್ತು. ನಮ್ಮ ಕೋಪಿಗೆ ತುತ್ತು ಕೊಟ್ಟಿದ್ದೆವು, ಪಂಕ್ತಿ ಕೊಟ್ಟಿರಲಿಲ್ಲ. ಎಲ್ಲರ ಕೈಯನ್ನೂ ನೋಡುತ್ತಾ ತಿರುಗುವ ಭಿಕ್ಷುಕನನ್ನಾಗಿ ಮಾಡಿದ್ದೆವು.

ನವಲಗುಂದದ ಹಳೆಯ ಜಮಖಾನೆಯೊಂದು ಅಂಚು ಹರಿದು ಬಿದ್ದಿತ್ತು. ಅದರಿಂದ ಒಂದು ತುಂಡು ಕತ್ತರಿಸಿ ಹೊಲಿದೆ. ಅದು ಕೋಪಿಯ ಜಾಗ. ನಾವು ಮೂವರೂ ಕೂತ ಮೇಲೆ ಅವನು ಅದರ ಮೇಲೆ ಕೂರಬೇಕು. ಮೊದಲು ಅವನ ಬಟ್ಟಲು ಇಳಿಯುತ್ತದೆ, ಆಮೇಲೆ ನಮ್ಮ ತಾಟು. ಅವನದು ಮುಗಿಯಿತೆಂದರೆ ಮುಗಿಯಿತು, ನಮ್ಮ ಕೈಯಿಂದ ಚೂರೂ ಇಲ್ಲ. ಬಟ್ಟಲಿಗೆ ಅಂಗಡಿಯಿಂದ ತಂದ ನಾಯಿತಿಂಡಿಯ ಮಾಂಸದ ಕಾಳನ್ನು ನಾನು ಉಸಿರು ಬಿಗಿಹಿಡಿದೇ ಸುರಿಯುತ್ತಿದ್ದೆ, ಮೇಲೊಂದು ರೊಟ್ಟಿಯ ತುಂಡು ನನ್ನ ಸಮಾಧಾನಕ್ಕೆ. ಜೆನ್ನಿಗೆ ಹೇಳಿದಾಗ ಅವಳು ಹುಬ್ಬೇರಿಸಿ, "ಪ್ರಯತ್ನಿಸಿ ನೋಡಿ" ಎಂದಳಷ್ಟೇ.

ಜಮಖಾನೆಯ ತುಂಡು ನಮ್ಮ ಜೊತೆ ಇಡೀ ದೇಶ ಸುತ್ತಿತು. ಒಂದು ಭಾನುವಾರ ಚಾಂಗಿಯ ಕಡಲತೀರ. ತಲೆಯ ಮೇಲೆ ವಿಮಾನಗಳು ಇಳಿಯುತ್ತಿದ್ದರೆ ಕೆಳಗೆ ನಮ್ಮ ನಾಲ್ವರ ಪಂಕ್ತಿ. ಇನ್ನೊಂದು ಭಾನುವಾರ ರೈಲ್ ಕಾರಿಡಾರ್. ಹಳೆಯ ರೈಲಿನ ಹಳಿ ಕಿತ್ತು ಹುಲ್ಲಿನ ಕಾಲುದಾರಿ ಮಾಡಿದ್ದಾರೆ. ಊರಲ್ಲಿ ವಾಕಿಂಗ್ ಎಂದರೆ ಬೀದಿನಾಯಿಗೆ ಕೋಲು ಹಿಡಿದು ಹೋಗುತ್ತಿದ್ದವಳು ನಾನು. ಇಲ್ಲಿ ಅಂಥದೇ ನಾಯಿ ನನ್ನನ್ನು ಎಳೆದುಕೊಂಡು ಹೋಗಿ ಮರ, ಹಕ್ಕಿ, ಜನ ಎಲ್ಲವನ್ನೂ ಪರಿಚಯಿಸಿತು. ಪ್ರತಿ ನಡಿಗೆಯ ಕಡೆಗೆ ಅಂಕಲ್ ಹೋ ಅವರ ಪಬ್. ಅವರು ನಮಗೊಂದು ಮೂಲೆಯ ಮೇಜು ಕಾದಿರಿಸುತ್ತಿದ್ದರು. ಮೊದಲ ಭಾನುವಾರ ಕೋಪಿ ಎರಡು ಸಲ ಎದ್ದ. ಮುಂದಿನ ವಾರ ಒಮ್ಮೆ ಗುರ್ ಎಂದ. ಆಮೇಲೊಂದು ಭಾನುವಾರ ಪಬ್ಬಿಗೆ ಪಬ್ಬೇ ತಿನ್ನುತ್ತಿರುವಾಗ ನಮ್ಮ ಮಹಾಶಯ ಗೊರಕೆ ಹೊಡೆಯುತ್ತಿದ್ದ.

ಪರೀಕ್ಷೆಯೂ ಅಲ್ಲೇ ನಡೆಯಿತು. ಜೆನ್ನಿಯ ಜೊತೆ ಅಪರಿಚಿತ ಪರೀಕ್ಷಕಿಯೊಬ್ಬರು ಬಂದು ದೂರದ ಮೇಜಿನಲ್ಲಿ ಕೂತರು. ಶ್ರೇಯಾಳ ಮುಖ ಬಿಳಿಚಿತ್ತು. ಕೋಪಿಯ ಬಟ್ಟಲು ಇಳಿಯಿತು, ಖಾಲಿಯಾಯಿತು, ಅವನು ಮಲಗಿದ. ನಮ್ಮ ತಾಟು ಬಂತು. ಆಗ ಪಕ್ಕದ ಮೇಜಿನ ಮಗುವಿನ ಕೈಯಿಂದ ಒಂದು ಸಾಸೇಜ್ ಜಾರಿ ಉರುಳುತ್ತಾ ಬಂದು ಸರಿಯಾಗಿ ಜಮಖಾನೆಯ ಅಂಚಿಗೆ ನಿಂತಿತು. ಕೋಪಿ ತಲೆ ಎತ್ತಿದ. ಅದನ್ನು ನೋಡಿದ. ನನ್ನನ್ನು ನೋಡಿದ. ನಾನು ಮನಸ್ಸಿನಲ್ಲೇ ಬಸವಣ್ಣನನ್ನು ನೆನೆದೆ. ಕೋಪಿ ದೊಡ್ಡದೊಂದು ನಿಟ್ಟುಸಿರು ಬಿಟ್ಟು ಗದ್ದವನ್ನು ಮತ್ತೆ ಮುಂಗಾಲಿನ ಮೇಲೆ ಇಟ್ಟುಕೊಂಡ.

ಮೊದಲು ಚಪ್ಪಾಳೆ ತಟ್ಟಿದ್ದು ಅಂಕಲ್ ಹೋ. ಆಮೇಲೆ ಇಡೀ ಪಬ್. ಶ್ರೇಯಾ ಕೋಪಿಯ ಕೊರಳಿಗೆ ಜೋತುಬಿದ್ದು ಅತ್ತಳು. ಪರೀಕ್ಷಕಿ ಬಂದು ಕೈಕುಲುಕಿದರು. ನನಗೆ ಹೆಮ್ಮೆಯಾಯಿತು, ಬಹಳ ಹೆಮ್ಮೆಯಾಯಿತು. ಸುಳ್ಳು ವಿನಯ ಯಾಕೆ? ಜೆನ್ನಿ ಈಗ ಬೇರೆ ಮನೆಗಳವರಿಗೂ ಇದನ್ನೇ ಹೇಳಿಕೊಡುತ್ತಾಳೆ. ಅವಳ ಬಾಯಲ್ಲಿ ಅದು 'ಪಂಕ್ತಿ ಮ್ಯಾಟ್'. ಗದಗಿನ ದಾಸೋಹದ ಪಾಠವನ್ನು ಸಿಂಗಾಪುರದ ನಾಯಿಗಳು ಕಲಿಯುತ್ತಿವೆ ಎಂದರೆ ನಾನು ಎರಡು ಇಂಚು ಎತ್ತರವಾಗುವುದರಲ್ಲಿ ತಪ್ಪೇನಿದೆ?

ಪಾಸಾದ ನಾಯಿ ಪೂರ್ತಿ ನಮ್ಮದಾಯಿತು. ನಾವೂ ಅದರವರಾದೆವು. ಅದು ತಿಳಿದದ್ದು ದೀಪಾವಳಿಗೆ. ಪ್ರತಿವರ್ಷ ಮೂರು ಟಿಕೆಟ್ ಬುಕ್ ಮಾಡುತ್ತಿದ್ದವರು ಈ ಸಲ ಎರಡೇ ಮಾಡಿದೆವು. ನಮ್ಮ ಮನೆಯವರು ಕೋಪಿಯ ಜೊತೆ ಉಳಿದರು. ನಾನು, ಶ್ರೇಯಾ ಗದಗಿಗೆ ಬಂದೆವು. ಅಣ್ಣನ ಮನೆ ತುಂಬ ಜನ, ಮಕ್ಕಳು, ಪಟಾಕಿ. ಮರುದಿನವೇ ಫೋನ್ ಬಂತು: ಕೋಪಿ ಉಣ್ಣುತ್ತಿಲ್ಲ. ಜಮಖಾನೆಯ ಮೇಲೆ ಕೂರುತ್ತಾನೆ, ಬಟ್ಟಲು ಇಟ್ಟರೆ ನಮ್ಮ ಖಾಲಿ ಕುರ್ಚಿಗಳನ್ನು ನೋಡುತ್ತಾನೆ. ಭಾನುವಾರ ಅಂಕಲ್ ಹೋ ಅವರ ಪಬ್ಬಿಗಾದರೂ ಒಯ್ದು ನೋಡಿರಿ ಎಂದೆ.

ಭಾನುವಾರ ಮಧ್ಯಾಹ್ನ ಮನೆಯ ಊಟದ ಪಂಕ್ತಿ ಎದ್ದಿತ್ತು. ನಾನು ತಾಟಿನ ಮುಂದೆ ಫೋನ್ ಇಟ್ಟುಕೊಂಡು ಕೂತಿದ್ದೆ. ಅವ್ವ ಎದುರಿಗೆ ಬಂದು ಕೂತಳು.

"ಯಾಕವಾ, ಕೈ ತೊಳಕೊಂಡು ಹಂಗ ಕುಂತಿ?"

"ಅಲ್ಲಿ ಅವನ ಊಟ ಆಗಿಲ್ಲಬೇ."

ನಾಯಿಗಾಗಿ ಉಪವಾಸವೇ ಎಂದು ನಗುತ್ತಾಳೆಂದುಕೊಂಡಿದ್ದೆ. ಅವ್ವ ನಗಲಿಲ್ಲ. "ಇಷ್ಟು ವರ್ಷ ಅಲ್ಲಿ ಕುಂತು ನಮ್ಮ ಊಟ ಆತೇನು ಅಂತ ಕೇಳ್ತಿದ್ದಿ. ಈಗ ಇಲ್ಲಿ ಕುಂತು ಅಲ್ಲೀದು ಕೇಳಾಕತ್ತಿ" ಎಂದಳು.

ಫೋನ್ ಬಂತು. ಅಂಕಲ್ ಹೋ ನಮ್ಮ ಮೂಲೆಯ ಮೇಜಿನಲ್ಲಿ ತಾವೇ ಬಂದು ಕೂತರಂತೆ, ತಮ್ಮ ಹೆಂಡತಿಯನ್ನೂ ಕರೆದು ಕೂರಿಸಿದರಂತೆ. ಮೂವರು ಆದರು. ಕೋಪಿ ಒಂದು ಸಲ ಎಲ್ಲರನ್ನೂ ನೋಡಿ ಬಟ್ಟಲಿಗೆ ಬಾಯಿ ಹಾಕಿದ.

ನಾನು ತಾಟು ಹತ್ತಿರ ಎಳೆದುಕೊಂಡೆ. ಆಗ ಅವ್ವ ಎದ್ದು ಅಡುಗೆಮನೆಗೆ ಹೋಗಿ ಇನ್ನೊಂದು ತಾಟು ತಂದು ನನ್ನ ಪಕ್ಕದಲ್ಲಿ ಇಟ್ಟುಕೊಂಡಳು. ಅವಳೂ ಇನ್ನೂ ಉಂಡಿರಲಿಲ್ಲ.